ಅಂಕಿತ ಯಾರದು, ಉತ್ತರ ಯಾರದು?

ಬೆಳಗಾದರೆ ಫೋನಿಗೆ ಒಂದು ವಚನ ಬಂದು ಬೀಳುತ್ತದೆ. ಬಸವಣ್ಣನವರ ಚಿತ್ರ, ಹಿನ್ನೆಲೆಯಲ್ಲಿ ಮೂಡುವ ಸೂರ್ಯ, ನಾಲ್ಕಾರು ಸಾಲು, ಕೊನೆಗೆ ಕೂಡಲಸಂಗಮದೇವನ ಅಂಕಿತ. ಬಾಗಲಕೋಟೆ ಜಿಲ್ಲೆಯಲ್ಲಿ ಬಂಧು-ಬಳಗದ ಯಾವ ವಾಟ್ಸ್ಆ್ಯಪ್ ಗುಂಪಿಗೆ ಹೋದರೂ ಇದು ತಪ್ಪಿದ್ದಲ್ಲ. ಹಲವು ಸಲ ವಚನ ನಿಜವಾದದ್ದೇ ಇರುತ್ತದೆ. ಕೆಲವು ಸಲ ಮಾತ್ರ ಓದುತ್ತಿದ್ದಂತೆ ಅನುಮಾನ ಹುಟ್ಟುತ್ತದೆ. ಪ್ರಾಸಕ್ಕೆ ಜೋಡಿಸಿದ ಈ ಹೊತ್ತಿನ ಬುದ್ಧಿಮಾತಿಗೆ ಹನ್ನೆರಡನೇ ಶತಮಾನದ ಅಂಕಿತ ಅಂಟಿಸಿರುತ್ತಾರೆ. 'ಇದು ಯಾವ ಸಂಪುಟದಾಗ ಐತ್ರಿ?' ಎಂದು ಕೇಳಿದರೆ, 'ನನಗೂ ಬಂದಿತ್ತು, ಕಳಿಸಿದೆ ನೋಡ್ರಿ' ಎಂಬ ಉತ್ತರ ಬರುತ್ತದೆ. ಅವರಿಗೆ ಕಳಿಸಿದವರನ್ನು ಕೇಳಿದರೂ ಅದೇ ಉತ್ತರ. ಎಷ್ಟು ಹಿಂದಕ್ಕೆ ಹೋದರೂ ಇದನ್ನು ಬರೆದವನು ನಾನು ಎನ್ನುವವರು ಸಿಗುವುದಿಲ್ಲ.

ಪರೀಕ್ಷಿಸಿ ನೋಡುವುದು ಕಷ್ಟವೇನಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಅಚ್ಚಿಗೆ ತಂದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರವೇ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಪುಸ್ತಕಗಳಲ್ಲಿ ಹೊರತಂದಿತು. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಒಂದು ಪದ ಹಾಕಿದರೆ ಅದು ಯಾವ ಶರಣರ ಯಾವ ವಚನದಲ್ಲಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಕಳಿಸುವುದಕ್ಕೆ ಬೇಕಾದ ಸಮಯದಲ್ಲೇ ನೋಡಿಬಿಡಬಹುದು. ಆದರೂ ನೋಡುವುದಿಲ್ಲ. ಕಳಿಸಿದ್ದಕ್ಕೆ ತಾನು ಉತ್ತರ ಕೊಡಬೇಕಾದೀತು ಎಂಬ ಭಾವನೆಯೇ ನಮ್ಮಲ್ಲಿ ಉಳಿದಿಲ್ಲ ಎಂಬುದು ನನ್ನ ಆತಂಕ.

ಅಂಕಿತವೆಂದರೆ ಮುಖ ಮುಚ್ಚಿಕೊಳ್ಳುವ ಪರದೆಯಾಗಿರಲಿಲ್ಲ. ಬಸವಣ್ಣ, ಅಲ್ಲಮ, ಅಕ್ಕ ಯಾರೂ ವಚನದ ಕೊನೆಗೆ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಇಷ್ಟದೈವದ ಹೆಸರಿನಲ್ಲಿ ಮಾತಾಡಿದರು. ಆದರೆ ಯಾವ ಅಂಕಿತ ಯಾರದೆಂದು ಕೇಳುವವರಿಗೆ ಗೊತ್ತಿತ್ತು. ಒಪ್ಪದಿದ್ದರೆ ಎದುರಿಗೇ ನಿಂತು ಪ್ರಶ್ನಿಸಬಹುದಿತ್ತು. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರೇ ಇದೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅದೇ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಸಹಿಸಲಿಲ್ಲ, ಅದೇ ಅಂಕಿತದಲ್ಲಿ ಅವನನ್ನೇ ತರಾಟೆಗೆ ತೆಗೆದುಕೊಂಡಳು. ಸಾರ್ವಜನಿಕ ಉತ್ತರದಾಯಿತ್ವಕ್ಕೆ ಕನ್ನಡದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಬೇಗ ನೆನಪಾಗದು. ಕೇಳಿದವಳು ಯಾರು, ಯಾರನ್ನು ಕೇಳಿದಳು, ಏಕೆ ಕೇಳಿದಳು ಎಂಬ ಮೂರೂ ದಾಖಲಾಗಿವೆ.

ಅಂಕಿತದ ಪ್ರಶ್ನೆ ನಮ್ಮ ಕಾಲದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಕೂಡಲಸಂಗಮದ ಬಸವ ಧರ್ಮಪೀಠದ ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದರು. ದೊಡ್ಡ ವಿವಾದವೇ ಎದ್ದಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಮುಟ್ಟುಗೋಲು ಹಾಕಬೇಕಿತ್ತೇ ಎಂಬ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ; ಅಂಕಿತ ಬದಲಿಸಿದ್ದು ಸರಿಯಲ್ಲ ಎಂಬುದರಲ್ಲಿ ಇಲ್ಲ. ಆದರೆ ಆ ಇಡೀ ಜಗಳದಲ್ಲಿ ಒಂದು ಘನತೆ ಇತ್ತು. ಪುಸ್ತಕಕ್ಕೆ ಲೇಖಕಿಯ ಹೆಸರಿತ್ತು, ಆದೇಶಕ್ಕೆ ದಿನಾಂಕವಿತ್ತು, ತೀರ್ಪಿಗೆ ಕಾರಣಗಳಿದ್ದವು. ಮಾತೆಯವರು ತಾವು ಮಾಡಿದ್ದನ್ನು ತಮ್ಮ ಹೆಸರಿನಲ್ಲೇ ಸಮರ್ಥಿಸಿಕೊಂಡರು. ದಿನಬೆಳಗಾದರೆ ಅದೇ ಅಂಕಿತದಲ್ಲಿ ಹುಟ್ಟುವ ಸುಳ್ಳು ವಚನಗಳ ವಿರುದ್ಧ ಯಾರ ಮೇಲೆ ದಾವೆ ಹೂಡುವುದು?

ಹಾಗಾದರೆ ಜಾಲದಲ್ಲಿ ಬರೆಯುವ ಪ್ರತಿಯೊಬ್ಬರಿಂದಲೂ ಆಧಾರ್ ಸಂಖ್ಯೆ ಕೇಳಬೇಕೇ? ಖಂಡಿತ ಬೇಡ. ಬಾದಾಮಿಯ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಊಟದಲ್ಲಿ ಹುಳ ಬಂದದ್ದನ್ನು ಹೇಳಬೇಕೆಂದರೆ ಹೆಸರು ಮರೆಮಾಚುವುದೇ ಆಕೆಗಿರುವ ರಕ್ಷಣೆ. ಸ್ವಂತ ಹೆಸರಿನಲ್ಲಿ ಬರೆಯುವುದಕ್ಕೆ ಈ ನೆಲದಲ್ಲಿ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಕಲಬುರ್ಗಿಯವರು ಮನೆಯ ಬಾಗಿಲಲ್ಲೇ ಕೊಲೆಯಾದಾಗ ಗೊತ್ತಾಯಿತು. ಸರ್ಕಾರಕ್ಕೆ ಕೋಲು ಕೊಟ್ಟರೆ ಅದು ಮೊದಲು ಬೀಳುವುದು ದುರ್ಬಲರ ಬೆನ್ನಿನ ಮೇಲೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಹೇಗೆ ಬಳಸಿದರು ಎಂಬುದನ್ನು ದೇಶ ನೋಡಿದೆ. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು ಸುಮ್ಮನೆ ಅಲ್ಲ.

ನನ್ನ ತಕರಾರು ಬೇರೆಯದು. ಯಾರು ಹೆಸರು ಹೇಳಬೇಕೋ ಅವರು ಹೇಳುತ್ತಿಲ್ಲ. ಯಾರನ್ನು ಅವರ ಪಾಡಿಗೆ ಬಿಡಬೇಕೋ ಅವರಿಂದ ಹೆಜ್ಜೆಹೆಜ್ಜೆಗೂ ಗುರುತು ಕೇಳಲಾಗುತ್ತಿದೆ.

ಇಳಕಲ್ಲಿನ ಸೀರೆಯನ್ನೇ ನೋಡಿ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕು ಹದಿನೈದು ವರ್ಷಗಳ ಮೇಲಾಯಿತು. ಆನ್‌ಲೈನ್ ಅಂಗಡಿಗಳಲ್ಲಿ 'ಇಳಕಲ್' ಎಂದು ಹುಡುಕಿದರೆ ಸೀರೆಗಳ ಸಾಲೇ ತೆರೆದುಕೊಳ್ಳುತ್ತದೆ. ಕೆಲವುಗಳಲ್ಲಿ ಕಸೂತಿ ಸೂಜಿಯಿಂದ ಹಾಕಿದ್ದಲ್ಲ, ಮುದ್ರಿಸಿದ್ದು. ಟೋಪು ತೆನಿಯ ಕೆಂಪು ಸೆರಗೂ ಮುದ್ರಣದ್ದೇ. ನಿಜವಾದ ಇಳಕಲ್ ಸೀರೆಯನ್ನು ಗುರುತಿಸಲು ಒಂದು ಜಾಗವಿದೆ: ಮೈ ಮುಗಿದು ಸೆರಗು ಶುರುವಾಗುವ ಕಡೆ ಬೆರಳಾಡಿಸಬೇಕು. ಅಲ್ಲಿ ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೈಯಿಂದ ಕೊಂಡಿ ಹಾಕಿರುತ್ತಾರೆ. ಸೀರೆಯ ಅಗಲಕ್ಕೂ ಸಾವಿರಾರು ಎಳೆ. ಮನೆಮಂದಿ ಎಲ್ಲ ಕೈಜೋಡಿಸಿ ತಾಳ್ಮೆಯಿಂದ ಮಾಡುವ ಕೆಲಸ ಅದು. ಮುದ್ರಿಸಿದ ಸೀರೆಯಲ್ಲಿ ಆ ಕೊಂಡಿ ಇರುವುದಿಲ್ಲ. ಅದು ಫೋಟೊದಲ್ಲಿಯೂ ಕಾಣುವುದಿಲ್ಲ ಎಂಬುದೇ ಮೋಸಕ್ಕೆ ಅನುಕೂಲವಾಗಿದೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರನ ವಿವರ ಗ್ರಾಹಕನಿಗೆ ಕಾಣುವಂತಿರಬೇಕು. ದೂರು ಬಂದ 48 ಗಂಟೆಯೊಳಗೆ ದೂರು ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಸುಳ್ಳು ಭೌಗೋಳಿಕ ಗುರುತು ಬಳಸಿದವರಿಗೆ ಕಾನೂನಿನಲ್ಲಿ ಸೆರೆವಾಸವೂ ಇದೆ. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ದೂರು ಕೊಡುವವರು ಯಾರು? ಕುಣಿಮಗ್ಗದಲ್ಲಿ ಕಾಲಿಳಿಸಿ ಕೂತವರು ಒಂದು ದಿನ ಎದ್ದುಹೋದರೆ ಆ ದಿನದ ಕೂಲಿ ಹೋದಂತೆ.

ಅದೇ ನೇಕಾರರ ಹೆಸರು, ಮುಖ, ಬೆರಳು ಎಲ್ಲ ಕಡೆಯೂ ಬೇಕು. ನೇಕಾರರ ಗುರುತಿನ ಚೀಟಿ, ರೇಷನ್ನಿಗೆ ಹೆಬ್ಬೆಟ್ಟು, ಗೃಹಲಕ್ಷ್ಮಿಗೆ ಆಧಾರ್ ಜೋಡಣೆ, ಬ್ಯಾಂಕಿಗೆ ಇ-ಕೆವೈಸಿ. ವರ್ಷಗಟ್ಟಲೆ ನೂಲಿನಲ್ಲಿ ಆಡಿ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ರೇಷನ್ ಅಂಗಡಿಯ ಮುಂದೆ 'ಬೆರಳು ತಗೋವಲ್ದು ಯಕ್ಕಾ, ಒರೆಸಿ ಮತ್ತೊಮ್ಮೆ ಇಡು' ಎಂಬ ಮಾತು ಕೇಳದವರಿಲ್ಲ. ತಾನು ತಾನೇ ಎಂದು ಸಾಬೀತುಪಡಿಸಲು ಆಕೆ ಸೆರಗಿಗೆ ಬೆರಳು ಒರೆಸಿ ಮತ್ತೆ ಇಡುತ್ತಾಳೆ. ಉದ್ಯೋಗ ಖಾತ್ರಿಯಲ್ಲೂ ಹೀಗೆಯೇ ಆಯಿತು: 2023ರ ಜನವರಿಯಿಂದ ಕೂಲಿಕಾರರು ದಿನಕ್ಕೆ ಎರಡು ಸಲ ಹಾಜರಾತಿ ಫೋಟೊಕ್ಕೆ ನಿಲ್ಲಬೇಕಾಯಿತು. ಅವರ ಹೆಸರು, ದುಡಿದ ದಿನ, ಪಡೆದ ಕೂಲಿ ಎಲ್ಲವೂ ಜಗತ್ತಿಗೇ ಕಾಣುವಂತೆ ಜಾಲತಾಣದಲ್ಲಿದ್ದವು. ಬಿಲ್ಲು ತಡೆಹಿಡಿದವರ ಹೆಸರನ್ನು ಹುಡುಕಿ ನೋಡಿ!

ಈ ನೋವು ಬಾಗಲಕೋಟೆಗೆ ಹಳೆಯದು. ಆಲಮಟ್ಟಿಯ ಹಿನ್ನೀರಿಗೆ ಅರ್ಧ ಊರನ್ನೇ ಬಿಟ್ಟುಕೊಟ್ಟು, ಓಣಿಗಳ ಹೆಸರು ಕಳೆದುಕೊಂಡು, ನವನಗರದ ಸೆಕ್ಟರ್ ಸಂಖ್ಯೆಗಳಿಗೆ ಹೊಂದಿಕೊಂಡ ಊರಿದು. ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕಾಗಿ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ರೈತ ಪಹಣಿ, ಆಧಾರ್, ವಂಶವೃಕ್ಷ ಹಿಡಿದು ನಿಲ್ಲಲು ಸಿದ್ಧನಿದ್ದಾನೆ. ಅವನ ಕಡತ ಇವತ್ತು ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ ಎಂಬುದನ್ನು ಅವನ ಫೋನಿಗೂ ಕಾಣಿಸುವ ವ್ಯವಸ್ಥೆ ಬೇಕು. 2012ರ ಏಪ್ರಿಲ್‌ನಲ್ಲಿ ಆರಂಭವಾದ ಸಕಾಲ ಈ ದಿಕ್ಕಿನಲ್ಲಿ ನಿಜಕ್ಕೂ ಒಳ್ಳೆಯ ಕೆಲಸ. ಅರ್ಜಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ತಡಮಾಡಿದ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ತಪ್ಪಿಗೊಬ್ಬ ವಾರಸುದಾರನನ್ನು ಅದು ತೋರಿಸುತ್ತದೆ.

ಈಗ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬದಲಿಸಿದೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸಿದ್ದಾದರೆ, ದೊಡ್ಡ ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬೇಕು ಎಂದು ಅಲ್ಲಿದ್ದ ಮಾತು ಈಗ ಇಲ್ಲ. ಸಾರ್ವಜನಿಕ ಹಿತ ಮೇಲಾದರೆ ಮಾಹಿತಿ ಕೊಡಲು ಅವಕಾಶವಿರುವ 8(2)ನೇ ಕಲಮು ಉಳಿದಿದೆ ಎಂದು ಸರ್ಕಾರ ಹೇಳುತ್ತದೆ, ಅದೂ ನಿಜ. ಆದರೆ ತಾಲ್ಲೂಕು ಕಚೇರಿಯಲ್ಲಿ 'ಇದು ವೈಯಕ್ತಿಕ ಮಾಹಿತಿ' ಎಂದು ಅರ್ಜಿ ತಿರಸ್ಕರಿಸುವವರಿಗೆ ಕೆಲಸ ಹಗುರವಾಗಿದೆ. ಖಾಸಗಿತನ ಬೇಕಿದ್ದುದು ರೇಷನ್ ಸಾಲಿನಲ್ಲಿ ನಿಂತ ಹೆಂಗಸಿಗೆ. ಅದು ಮೊದಲು ತಲುಪಿದ್ದು ಗುತ್ತಿಗೆ ಮಂಜೂರು ಮಾಡಿದವರಿಗೆ.

ಹೆಸರು ಹಾಕುವುದನ್ನು ಗೌರವವೆಂದು ಬಗೆದ ನಾಡಿದು. ಐಹೊಳೆಯ ಮೇಗುಟಿಯಲ್ಲಿ 634ರ ಶಾಸನವನ್ನು ಬರೆದ ರವಿಕೀರ್ತಿ ತನ್ನ ಹೆಸರನ್ನು ಎದೆ ಸೆಟೆಸಿ ಹೇಳಿಕೊಂಡಿದ್ದಾನೆ. ಬಾದಾಮಿಯ ಮೂರನೇ ಗುಹೆಗೆ 578ರ ದಿನಾಂಕವಿದೆ, ಮಾಡಿಸಿದ ಮಂಗಳೇಶನ ಹೆಸರಿದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ರಾಣಿ ಲೋಕಮಹಾದೇವಿಯ ಹೆಸರಿನ ಜೊತೆ ಗುಡಿ ಕಟ್ಟಿದ ಗುಂಡನ ಹೆಸರೂ, ಸರ್ವಸಿದ್ಧಿ ಆಚಾರಿಯ ಹೆಸರೂ ಕಲ್ಲಿನಲ್ಲಿವೆ. ದುಡಿದ ಕೈಗೆ ಸಲ್ಲುವ ಮಾನ ಅದು. ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆ ಆಚಾರಿಗೆ ಸಿಕ್ಕ ಮಾನ ಇಂದು ಇಳಕಲ್ಲಿನ ನೇಕಾರರಿಗೆ ಏಕೆ ಸಿಗುವುದಿಲ್ಲ?

ಮಾಡಬಹುದಾದದ್ದು ಬಹಳ ದೊಡ್ಡದೇನಲ್ಲ. ಇಳಕಲ್ ಸೀರೆ ಎಂಬ ಹೆಸರಿನ ನೋಂದಾಯಿತ ಬಳಕೆದಾರರ ಪಟ್ಟಿಯನ್ನು ಕೈಮಗ್ಗ ಮತ್ತು ಜವಳಿ ಇಲಾಖೆ ಕನ್ನಡದಲ್ಲಿ, ಫೋನಿನಲ್ಲಿ ಹುಡುಕುವಂತೆ ಪ್ರಕಟಿಸಲಿ. ಆ ಪಟ್ಟಿಯ ಸಂಖ್ಯೆ ತೋರಿಸದ ಯಾವ ಸೀರೆಗೂ 'ಇಳಕಲ್' ಎಂಬ ಹೆಸರನ್ನು ಆನ್‌ಲೈನ್ ಅಂಗಡಿಗಳು ಕೊಡದಿರಲಿ. ನೇಕಾರರು ಒಪ್ಪಿದರೆ ಅವರ ಹೆಸರೂ ಚೀಟಿಯಲ್ಲಿರಲಿ. ಬೇಡವೆಂದರೆ ಸಂಘದ ಹೆಸರು ಸಾಕು. ಯಾವುದು ಬೇಕೆಂದು ನೇಕಾರರನ್ನೇ ಕೇಳಬೇಕು.