ಗಿಣಿಯನ್ನು ಒಪ್ಪಿಸಿ ಬಂದೆ



ಈ ಸಲ ಮಾವಿನಕಾಯಿ ಗೊಜ್ಜಿನ ವಿಷಯ ಬರೆಯುತ್ತೇನೆ ಅಂದಿದ್ದೆ. ಅದು ಮುಂದಿನ ಸಲಕ್ಕಿರಲಿ. ಈ ಹದಿನೈದು ದಿನ ನನ್ನ ಮನಸ್ಸು ಅಡಿಗೆಮನೆಯಲ್ಲಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಹೊಳಲ್ಕೆರೆಗೆ ನೆಂಟರ ಮನೆಗೆ ಹೋದಾಗ ನಮ್ಮ ಅತ್ತೆಯವರು ಬೀದಿಯಲ್ಲಿ ಬುಟ್ಟಿ ಹೊತ್ತು ಬಂದವನಿಂದ ಗಿಣಿಮರಿ ಕೊಂಡರು. 150 ರೂಪಾಯಿ. ರೆಕ್ಕೆ ಕತ್ತರಿಸಿಯೇ ಕೊಟ್ಟಿದ್ದ ಪುಣ್ಯಾತ್ಮ. ನೆನೆಸಿದ ಕಡಲೆ, ಸೀಬೆಹಣ್ಣು, ಹಸಿಮೆಣಸಿನಕಾಯಿ ತಿಂದು ಬೆಳೆಯಿತು. ಬಾಗಿಲು ತಟ್ಟಿದವರನ್ನೆಲ್ಲ "ಯಾರವ್ವಾ ಅದು?" ಎಂದು ಕೇಳುತ್ತಿತ್ತು, ಥೇಟ್ ಅತ್ತೆಯ ದನಿಯಲ್ಲೇ. ಅವರು ತೀರಿಕೊಂಡು ಮೂರು ವರ್ಷವಾಯಿತು. ಮಧ್ಯಾಹ್ನ ಒಬ್ಬಳೇ ಅಕ್ಕಿ ಆರಿಸುತ್ತಾ ಕೂತಾಗ ಆ ದನಿ ಬಂದರೆ "ನಾನೇ ಕಣ್ರತ್ತೆ" ಎಂದು ಬಾಯಿಗೆ ಬಂದುಬಿಡುತ್ತಿತ್ತು. ನಗಬೇಡಿ.

ಚಿತ್ರದುರ್ಗದಲ್ಲಿ ಓದುವ ಮಗಳು ರಜಕ್ಕೆ ಬಂದವಳು, "ಅಮ್ಮಾ, ಇದನ್ನ ಸಾಕೋದು ಕಾನೂನಿಗೆ ವಿರುದ್ಧ" ಎಂದಳು. ನನಗೆ ಸಿಟ್ಟೇ ಬಂತು. ಆಮೇಲೆ ವಿಚಾರಿಸಿದರೆ ಅವಳ ಮಾತು ನಿಜ. ನಮ್ಮ ನಾಡಿನ ಹಸಿರು ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ ಹಕ್ಕಿ. ಆ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೇ ಅನುಸೂಚಿಯಲ್ಲಿದೆ. ಅಂಗಡಿಯಲ್ಲಿ ಲವ್ ಬರ್ಡ್ಸ್ ಎಂದು ಮಾರುತ್ತಾರಲ್ಲ, ಆ ಪುಟ್ಟ ಬಜರಿಗರ್ ಆಸ್ಟ್ರೇಲಿಯಾದ್ದು, ಅದರ ಲೆಕ್ಕ ಬೇರೆ.

ನಮ್ಮ ಯಜಮಾನರು, "ಅಷ್ಟೇ ತಾನೆ, ಹಿತ್ತಲಲ್ಲಿ ಬಿಟ್ಟುಬಿಡು" ಎಂದರು. ಬಿಟ್ಟೆವು. ಪಂಜರದಿಂದ ಹೊರಗೆ ಬಂದು ತೊಳೆಯೋ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆಯಿತು. ಎರಡು ಕಾಗೆ ಇಳಿದವು. ಕಿರುಚಿಕೊಂಡು ಪಂಜರದೊಳಕ್ಕೇ ಓಡಿತು. ನೋಡಿ, ಮರಿಯಿಂದ ಕೈತುತ್ತು ತಿಂದ ಹಕ್ಕಿಗೆ ಹಾರುವ ಶಕ್ತಿಯೂ ಇರುವುದಿಲ್ಲ, ಕಾಳು ಹುಡುಕುವುದೂ ತಿಳಿಯದು, ಮನುಷ್ಯರ ಹೆದರಿಕೆ ಮೊದಲೇ ಇಲ್ಲ. ಹಾಗೆ ಬಿಡುವುದು ಪುಣ್ಯವೆಂದು ತಿಳಿದಿದ್ದೆ. ಅದು ಬರೀ ಕೈತೊಳೆದುಕೊಳ್ಳುವುದು.

ಅರಣ್ಯ ಇಲಾಖೆಗೆ ಒಪ್ಪಿಸಬೇಕಂತೆ. ಆ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನ ಕಡೆಯವರಿಗಾದರೆ ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಇಂಥ ಕಡೆ ಹಕ್ಕಿಯನ್ನು ದೊಡ್ಡ ಬಲೆಮನೆಯಲ್ಲಿ ಹಾರಿಸಿ ಅಭ್ಯಾಸ ಮಾಡಿಸಿ, ಕತ್ತರಿಸಿದ ಗರಿ ಉದುರಿ ಹೊಸದು ಬಂದ ಮೇಲೆ, ಬದುಕಬಲ್ಲದು ಅನ್ನಿಸಿದರೆ ಮಾತ್ರ ಬಿಡುತ್ತಾರೆ. ನಾನು ಹೊಸದುರ್ಗದವಳು, ನಮ್ಮೂರಿನ ಅರಣ್ಯ ಕಚೇರಿಗೇ ಹೊರಟೆ. ಕೇಸು ಗೀಸು ಹಾಕುತ್ತಾರೇನೋ ಎಂದು ರಾತ್ರಿಯೆಲ್ಲ ನಿದ್ದೆಯಿಲ್ಲ.

ಬೆಳಗಿನ ತಂಪಿನಲ್ಲಿ ಪಂಜರಕ್ಕೆ ಅತ್ತೆಯ ಹಳೇ ಸೀರೆಯ ತುಂಡು ಮುಚ್ಚಿಕೊಂಡು ಹೋದೆ. ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ, ವಯಸ್ಸೆಷ್ಟು ಎಂದು ಒಂದು ಚೀಟಿ ಬರೆದಿದ್ದೆ. ಅಲ್ಲಿದ್ದವರು ಗದರಲಿಲ್ಲ. ಅರ್ಜಿ ಬರೆಸಿಕೊಂಡರು. "ಡಾಕ್ಟರು ನೋಡಿ ತೀರ್ಮಾನ ಮಾಡ್ತಾರಮ್ಮ, ಹಾರದಿದ್ದರೆ ಬೇರೆ ಗಿಣಿಗಳ ಜೊತೆ ಇರುತ್ತೆ" ಎಂದರು. ಜೋಗಿಮಟ್ಟಿ ಬುಡದ ಆಡುಮಲ್ಲೇಶ್ವರ ಮೃಗಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ನೆನಪಾಯಿತು. ಅಂಥ ಕಡೆ ಇದ್ದರೂ ಸಾಕು ಅನ್ನಿಸಿತು.

ಸಹಿ ಹಾಕುವಾಗ ಒಳಗೆ ಯಾರೋ ಬಂದರು. ಸೀರೆಯೊಳಗಿಂದ "ಯಾರವ್ವಾ ಅದು?" ಕೇಳಿತು. ಆ ಗುಮಾಸ್ತರು ನಕ್ಕರು. ನನಗೆ ಪೆನ್ನು ಹಿಡಿಯಲಾಗಲಿಲ್ಲ. ಮಗಳು ಮೊಬೈಲಿನಲ್ಲಿ ದನಿ ಹಿಡಿದಿಟ್ಟಿದ್ದಾಳಂತೆ, ನಾನಿನ್ನೂ ಕೇಳಿಲ್ಲ.

ಗಿಣಿಯನ್ನು ಅವರ ಪೆಟ್ಟಿಗೆಗೆ ಹಾಕಿಕೊಂಡು ಪಂಜರ ವಾಪಸ್ಸು ಕೊಟ್ಟರು. ಸಂಜೆಯೇ ಪಕ್ಕದ ಮನೆಯವರು ಬಂದು, "ಹಿರಿಯೂರಿಂದ ನಮ್ಮ ಹುಡುಗ ಗಿಣಿಮರಿ ತರ್ತಾನಂತೆ, ಪಂಜರ ಕೊಡ್ತೀರಾ?" ಎಂದರು. ಕೂರಿಸಿ, ಕಾಫಿ ಕೊಟ್ಟು, ಇದನ್ನೆಲ್ಲ ಹೇಳಿದೆ. ಮರುದಿನ ಗುಜರಿಯವನು ಬಂದಾಗ ಪಂಜರ ಹಾಕಿದೆ. 40 ರೂಪಾಯಿ ಕೊಟ್ಟ.