ನರದ ಕಾವಲು ಯಾರಿಗೆ?

ಇಂದೂರಿನ ಹಮಾಲನಿಗಾಗಲಿ ದಾಂಡೇಲಿಯ ಗಿರಣಿ ಕಾರ್ಮಿಕನಿಗಾಗಲಿ ಕಾಲೇ ಬಂಡವಾಳ. ಬೆನ್ನುಮೂಳೆಯ ಮಣಿಗಳನ್ನು ಸ್ಕ್ರೂ, ಸರಳು ಹಾಕಿ ಬೆಸೆಯುವಾಗ ಅವನಿಗೆ ಎಚ್ಚರವಿರುವುದಿಲ್ಲ. ನರಕ್ಕೆ ಪೆಟ್ಟಾದರೂ ಕೂಗಲಾರ. 1973ರಲ್ಲಿ ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಸಂಗಡಿಗರು ಶಸ್ತ್ರಕ್ರಿಯೆಯ ನಡುವೆಯೇ ರೋಗಿಯನ್ನು ಎಬ್ಬಿಸಿ ಕಾಲು ಆಡಿಸಲು ಹೇಳುವ ಪರೀಕ್ಷೆಯನ್ನು ಪ್ರಕಟಿಸಿದರು. ಈಗ ಎಬ್ಬಿಸದೆಯೇ, ನೆತ್ತಿಗೆ ವಿದ್ಯುತ್ತಿನ ಮಿಡಿತ ಕೊಟ್ಟು ಕಾಲಿನ ಸ್ನಾಯು ಓಗೊಡುವುದನ್ನು ಯಂತ್ರದಲ್ಲಿ ನೋಡಬಹುದು. ಅದು ಕುಗ್ಗಿದರೆ ವೈದ್ಯರು ಕೈ ತಡೆದು, ರಕ್ತದೊತ್ತಡ ನೋಡಿ, ಸ್ಕ್ರೂ ಸರಿಪಡಿಸಲು ಅವಕಾಶವುಂಟು.

ಪ್ರತಿಯೊಂದು ಶಸ್ತ್ರಕ್ರಿಯೆಗೂ ಇದು ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಬೇಕೋ ಬೇಡವೋ ಎಂಬುದನ್ನು ಬೆನ್ನು ನೋಡಿ ಹೇಳಲಿ, ಜೇಬು ನೋಡಿ ಅಲ್ಲ. ಸರಕಾರ ದೊಡ್ಡ ದವಾಖಾನೆಗಳಿಗೆ ಯಂತ್ರ ಕೊಟ್ಟರೆ ಸಾಲದು. ಅದನ್ನು ಓದಬಲ್ಲ ನೌಕರನನ್ನೂ ಕೊಡಬೇಕು. ಹುಬ್ಬಳ್ಳಿಗೆ ಹೊರಟ ಬಾಂಧವರು ರುಜು ಹಾಕುವ ಮುನ್ನ ಕೇಳಲಿ: ನರದ ಕಾವಲು ಉಂಟೋ? ಅದರ ಖರ್ಚು ಯಾರದು?