ಬಾಕ್ಸ್ ಡಿಜಿಟಲ್ ಆಯ್ತು, ದಾರಿ ಮಾತ್ರ ಒನ್‌ವೇ

ಬೆಂಗಳೂರಿನ ಕೇಬಲ್ ಟಿವಿ ಡಿಜಿಟಲ್ ಆಗೋಕೆ ಸರ್ಕಾರ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಬಸವನಗುಡಿ, ಚಾಮರಾಜಪೇಟೆಯ ಮನೆಗಳಿಗೂ ಸೆಟ್‌ಟಾಪ್ ಬಾಕ್ಸ್ ಬಂತು. ಕಾಯ್ದೆ ಬಾಕ್ಸನ್ನು ಕಡ್ಡಾಯ ಮಾಡ್ತು. ಮನೆಯಿಂದ ಸಿಗ್ನಲ್ ವಾಪಸ್ ಹೋಗೋ ದಾರಿಯನ್ನಲ್ಲ.

ಪರಿಣಾಮ ಎದುರಿಗೇ ಇದೆ. ಬಿಗ್ ಬಾಸ್ ನೋಡೋದು ಟಿವಿಯಲ್ಲಿ, ವೋಟ್ ಹಾಕೋದು ಮೊಬೈಲ್ ಆ್ಯಪ್‌ನಲ್ಲಿ. ಯಾರು ಏನು ನೋಡಿದ್ರು, ಏನು ಒತ್ತಿದ್ರು ಅನ್ನೋ ಲೆಕ್ಕ ಆ್ಯಪ್ ಕಂಪನಿಯ ಕೈಯಲ್ಲಿ. ಜಾಹೀರಾತಿನ ದುಡ್ಡೂ ಆ ಲೆಕ್ಕದ ಹಿಂದೆಯೇ ಹೋಗುತ್ತೆ. ಏರಿಯಾದ ಕೇಬಲ್‌ನವರಿಗೆ ಉಳಿಯೋದು ತಿಂಗಳ ವಸೂಲಿಯ ಪಾಲು. ಹಿಂದೆ ಅದಕ್ಕೂ ಮಿತಿ ಇತ್ತು: 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಲ್ಲಿ ಮೊದಲ 100 ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ ತೆರಿಗೆ ಬಿಟ್ಟು ಹೆಚ್ಚೆಂದರೆ 130 ರೂಪಾಯಿ ಆಗಿತ್ತು.

ಆದರೂ ಮನೆಮನೆಯ ಪರಿಚಯ ಅವರದ್ದೇ. ಹಳೇ ತಂತಿ ಜಾಗಕ್ಕೆ ಫೈಬರ್ ಎಳೆದು ಬ್ರಾಡ್‌ಬ್ಯಾಂಡ್ ಕೊಟ್ಟರೆ ವ್ಯಾಪಾರ ಉಳಿಯಬಹುದು. ಅದಕ್ಕೆ ಬೇಕಾದ ಬಂಡವಾಳಕ್ಕೆ ಅಗ್ಗದ ಸಾಲ ಕೊಡೋರು ಯಾರು ಅನ್ನೋದೇ ಈಗ ಕೇಳಬೇಕಾದ ರಾಜಕೀಯ ಪ್ರಶ್ನೆ.